ಪದ ಬೇಕು, ಇವತ್ತೇ: ಜುಲು ಯುದ್ಧದ ಬಿಳಿ ಟೋಪಿಗೆ

ಅನುವಾದಕಿ:
ಬಳಗಕ್ಕೆ ನಮಸ್ಕಾರ. 1879ರ ಆಂಗ್ಲೋ-ಜುಲು ಯುದ್ಧದ ಪುಸ್ತಕ ಅನುವಾದ ಮಾಡುತ್ತಿದ್ದೇನೆ, ಚಿತ್ರದ ಅಡಿಬರಹ ಸಂಜೆಯೊಳಗೆ ಹೋಗಬೇಕು. ಇಸಾಂಡ್ಲ್ವಾನಾ ಕದನದ ಬ್ರಿಟಿಷ್ 24ನೇ ರೆಜಿಮೆಂಟಿನ ಸೋಲ್ಜರು: ಕೆಂಪು ಕೋಟು, ಕಾಲರಿಗೆ ಹಸಿರು, ತಲೆಗೆ ಪಿತ್ ಹೆಲ್ಮೆಟ್. ಬಿಳಿ ಬಣ್ಣ ದೂರಕ್ಕೆ ಹೊಳೆಯುತ್ತದೆಂದು ಟೀ ಡಿಕಾಕ್ಷನ್ ಬಳಿದು ಮಾಸಲು ಮಾಡಿಕೊಂಡಿದ್ದಾನೆ, ಮುಂದಿನ ಹಿತ್ತಾಳೆ ಬಿಲ್ಲೆ ಕಿತ್ತಿದ್ದಾನೆ. 'ಶಿರಸ್ತ್ರಾಣ' ಅಂತ ಬರೆದರೆ ಕುರುಕ್ಷೇತ್ರಕ್ಕೆ ಹೊರಟವನ ಹಾಗೆ ಕಾಣುತ್ತಾನೆ. ಮುಂದೆ ಬೋಯರ್ ಯುದ್ಧದ ಅಧ್ಯಾಯದಲ್ಲಿ ಖಾಕಿಯ ಜೊತೆ 'ಪಟೀಸ್' (ಮೊಣಕಾಲ ಕೆಳಗೆ ಸುತ್ತುವ ಬಟ್ಟೆ) ಇದೆ, ಅದಕ್ಕೂ ಒಂದು ಪದ ಕೊಡಿ.

ಹಳೇಮೇಷ್ಟ್ರು:
ಬೆಂಡಿನ ಟೋಪಿ. ಬಾಸಿಂಗ ಮಾಡುವ ಬೆಂಡೇ ಬಂಗಾಳದ ಸೋಲಾ, ಅದರಿಂದ 'ಸೋಲಾ ಟೋಪಿ'. 'ಸೋಲಾರ್ ಟೋಪಿ' ಎನ್ನುವವರು ಸೂರ್ಯನನ್ನು ಸುಮ್ಮನೆ ಎಳೆದು ತಂದಿದ್ದಾರೆ. ಜುಲು ಯುದ್ಧದ್ದು ಕಾರ್ಕಿನದು ಅಂತ ಯಾರಾದರೂ ತಗಾದೆ ತೆಗೆಯಬಹುದು. ಕಾರ್ಕಿಗೂ ನಾವು ಬೆಂಡೇ ಅನ್ನುವುದು. ಪಟೀಸಿಗೆ ಪಟ್ಟಿ. ಇಂಗ್ಲಿಷಿನವರು ಇಲ್ಲಿಂದಲೇ ಒಯ್ದದ್ದು.

ಅಚ್ಚಗನ್ನಡಿಗ:
ಟೋಪಿ ಕನ್ನಡವಲ್ಲ. 'ಬೆಂಡುಕುಲಾವಿ' ಎನ್ನಿ. ಪಟ್ಟಿ ಬೇಡ, 'ಕಾಲ್ಸುತ್ತು'. ಖಾಕಿಯನ್ನು 'ಕಾಕಿ' ಎಂದೇ ಬರೆಯಿರಿ, ಯಾರ ಬಾಯಲ್ಲೂ ಆ ಉಸಿರು ಹೊರಡುವುದಿಲ್ಲ.

ಹಳೇಮೇಷ್ಟ್ರು:
ಕುಲಾವಿ ಪಾರಸಿಯ 'ಕುಲಾಹ್', ಸ್ವಾಮಿ. ನಿಘಂಟು ತೆಗೆದು ನೋಡಿ, ಆಮೇಲೆ ಮಡಿ ಮಾಡಿ. ಕೂಸಿನ ಕುಲಾವಿಯನ್ನು ಸೋಲ್ಜರಿಗೆ ಕಟ್ಟುತ್ತೀರಾ? ಊರಿಗೂರೇ 'ಟೋಪಿ ಹಾಕಿದ' ಅನ್ನುತ್ತಿರುವಾಗ ಟೋಪಿ ಇನ್ನೂ ಹೊರಗಿನದೇ?

ಕುಡ್ಲದವ:
ಖಾಕಿ ಮಾತು ಬಂತಲ್ಲ, ಆ ಬಣ್ಣ ಹುಟ್ಟಿದ್ದೇ ನಮ್ಮ ಮಂಗಳೂರಿನ ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆಯಲ್ಲಿ, ಹಾಲರ್ ಕೈಯಲ್ಲಿ, 1851ರಲ್ಲಿ. ಇದನ್ನು ಅಡಿಟಿಪ್ಪಣಿಯಲ್ಲಾದರೂ ಹಾಕಿ ಮೇಡಂ.

ಹಳೇಮೇಷ್ಟ್ರು:
ಹಾಕಬೇಡಿ. ಬ್ರಿಟಿಷ್ ಅಧಿಕಾರಿ ಲಮ್ಸ್‌ಡನ್ 1846ರಲ್ಲಿ ಪೇಶಾವರದಲ್ಲಿ ಕಟ್ಟಿದ ಗೈಡ್ಸ್ ಎಂಬ ಸೇನಾದಳ ಅದಕ್ಕೂ ಮೊದಲೇ ಮಣ್ಣುಬಣ್ಣ ಉಟ್ಟಿತ್ತು. 'ಖಾಕ್' ಎಂದರೆ ಪಾರಸಿಯಲ್ಲಿ ಧೂಳು. ಮಂಗಳೂರಿನವರು ಬಣ್ಣ ಅದ್ದಿರಬಹುದು, ಪದ ಹುಟ್ಟಿಸಲಿಲ್ಲ.

ಕುಡ್ಲದವ:
ಘಟ್ಟದ ಮೇಲಿನವರಿಗೆ ನಮ್ಮದು ಯಾವುದೂ ಹಿಡಿಸುವುದಿಲ್ಲ ಬಿಡಿ.

ತೊಗಲುಬೂಟು:
ಜಗಳದಲ್ಲಿ ಅಸಲು ವಿಷಯ ಹೋಯಿತು. ಮೇಡಂ, ಜುಲು ಅಧ್ಯಾಯದಲ್ಲಿ ಖಾಕಿಯೂ ಬೇಡ, ಪಟ್ಟಿಯೂ ಬೇಡ. 24ನೆಯವರ ಕಾಲಿಗಿದ್ದದ್ದು ತೊಗಲಿನ ಕವಚ. 1885ರ ಡಿಸೆಂಬರಿನಲ್ಲಿ ಸೂಡಾನಿನ ಗಿನಿಸ್‌ನಲ್ಲೂ ಬ್ರಿಟಿಷರು ಕೆಂಪಂಗಿಯಲ್ಲೇ ಕಾದಿದ್ದಾರೆ. ಕಾಲಿಗೆ ಪಟ್ಟಿ ಸುತ್ತಿ, ಖಾಕಿ ತೊಟ್ಟವರು ನಿಮಗೆ ಸಿಗುವುದು 1899ರ ಬೋಯರ್ ಯುದ್ಧದಲ್ಲಿ.

ಅಚ್ಚಗನ್ನಡಿಗ:
ಕಾಕಿ.

ಅನುವಾದಕಿ:
ಎಲ್ಲರಿಗೂ ಥ್ಯಾಂಕ್ಸ್. 'ಬೆಂಡಿನ ಟೋಪಿ' ಕಳಿಸಿಬಿಟ್ಟೆ. ಬರೀ ಪಟ್ಟಿ ಅಂದರೆ ಅಂಗಡಿ ಸಾಮಾನಿನ ಪಟ್ಟಿ ಅಂದುಕೊಂಡಾರೆಂದು ಮುಂದಿನ ಅಧ್ಯಾಯಕ್ಕೆ 'ಕಾಲುಪಟ್ಟಿ' ಮಾಡಿಕೊಂಡೆ.

ಅಚ್ಚಗನ್ನಡಿಗ:
ಕಾಲು ನಮ್ಮದು. ಪಟ್ಟಿ ಸಂಸ್ಕೃತದ 'ಪಟ್ಟ'ದಿಂದ ಬಂದದ್ದು. ಬದಲಿಸಲು ಇನ್ನೂ ಹೊತ್ತಿದೆಯೇ?

ಅನುವಾದಕಿ:
ಇಲ್ಲ.