ಮಕ್ಕಳನ್ನ ಹೊಡೆಯದೆ ಬೆಳೆಸೋಕೆ ಸರ್ಕಾರದಿಂದ ಏನಾದ್ರೂ ನೆರವಿದೆಯಾ?

ಸೇಡಂ_ತಾಯಿ:
ಮಗನಿಗೆ ನಾಲ್ಕು ವರ್ಷ, ಹಟ ಜಾಸ್ತಿ. ರೊಟ್ಟಿ ಮುರಿದು ಹಾಕಿದ್ರೆ ತಾಟನ್ನೇ ದೂಡ್ತಾನೆ, ಅವರಪ್ಪ ಕೈ ಎತ್ತುತ್ತಾರೆ, ಅತ್ತೆ ‘ಏಟು ಬೀಳದೆ ಬುದ್ಧಿ ಬರುತ್ತಾ’ ಅಂತಾರೆ. ಗೃಹಲಕ್ಷ್ಮಿಯ 2000 ರೂಪಾಯಿ ಬರುತ್ತೆ, ಸರಿ. ಮಗುವನ್ನ ಸಂಭಾಳಿಸೋದು ಹೇಗೆ ಅಂತ ಹೇಳಿಕೊಡೋರು ಇದ್ದಾರಾ?

ಶಹಾಪುರದ_ಅಕ್ಕ:
ಅಂಗನವಾಡಿಯಲ್ಲಿ ತಾಯಂದಿರ ಸಭೆ ಇರುತ್ತಲ್ಲ ತಂಗಿ, ಹೋಗು. ತೂಕ, ಮೊಟ್ಟೆ, ಚುಚ್ಚುಮದ್ದಿನ ಮಾತು ಮುಗೀತು ಅಂತ ಎದ್ದು ಬರಬೇಡ, ಹಟದ ವಿಷಯ ನೀನೇ ತೆಗೆ. ಗಂಡನನ್ನೂ ಕರ್ಕೊಂಡು ಹೋಗು. ತಾಯಂದಿರ ಸಭೆ ಅಂತ ಹೆಸರಿಟ್ಟು ಅಪ್ಪಂದಿರಿಗೆ ರಜೆ ಕೊಟ್ಟಂಗಾಗಿದೆ!

ಬೀದರ್_ಮೇಷ್ಟ್ರು:
ಸ್ವೀಡನ್ 1979ರಲ್ಲೇ ಮನೆಯಲ್ಲೂ ಮಕ್ಕಳನ್ನ ಹೊಡೆಯಬಾರದು ಅಂತ ಕಾನೂನು ತಂದಿತು. ಮಜಾ ಅಂದ್ರೆ, ಅದನ್ನ ಹಾಲಿನ ಪ್ಯಾಕೆಟ್ ಮೇಲೂ ಅಚ್ಚು ಹಾಕಿಸಿ ಮನೆಮನೆಗೆ ಮುಟ್ಟಿಸಿದರು. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಹೊಡೆಯೋದನ್ನ ತಡೆಯುತ್ತೆ, ಮನೆಯೊಳಗೆ ಬರಲ್ಲ.

ಯಾದಗಿರಿ_ಹುಡುಗ:
ಕಾನೂನು ಬಿಡ್ರಿ ಸರ್. ನಮ್ಮ ಕಡೆ ಎಷ್ಟೋ ಜನ ಮಕ್ಕಳನ್ನ ಅಜ್ಜಿ ಹತ್ತಿರ ಬಿಟ್ಟು ಬೆಂಗಳೂರು, ಪುಣೆಗೆ ದುಡಿಯೋಕೆ ಹೋಗ್ತಾರೆ. ಇಲ್ಲೇ ಇರೋರು ದಿನವಿಡೀ ಬಿಸಿಲಲ್ಲಿ ಕೂಲಿ ಮಾಡಿ ಬಂದ ಮೇಲೆ ತಾಳ್ಮೆ ಎಲ್ಲಿಂದ ತರಬೇಕು? ಉದ್ಯೋಗ ಖಾತ್ರಿ ಕೂಲಿಯವರ ಮಕ್ಕಳಿಗಂತ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಶುರು ಮಾಡಿದರಲ್ಲ, ಅಂಥದ್ದು ನೆಟ್ಟಗೆ ನಡೆದರೆ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತೆ.

ಸೇಡಂ_ತಾಯಿ:
ಅಕ್ಕ, ಸಭೆಗೆ ಬನ್ನಿ ಅಂತ ಇವರಿಗೆ ಹೇಳಿದೆ. ‘ಹೆಂಗಸರ ನಡುವೆ ನಾನೊಬ್ಬನೇನಾ’ ಅಂದರು.

ಶಹಾಪುರದ_ಅಕ್ಕ:
ಪಕ್ಕದ ಮನೆಯವನನ್ನೂ ಎಬ್ಬಿಸು, ಇಬ್ಬರಾಗ್ತಾರೆ.