ಹೀಟರ್, ಗಲಾಟೆ ದೂರು ಕೇಳೋಕೆ ಎಐ ಸಾಕಾ?

ಕ್ವೀನ್ಸ್‌ವಾಸಿ: ನ್ಯೂಯಾರ್ಕ್‌ನಲ್ಲಿ ಪ್ರಾಣಕ್ಕೆ ಕುತ್ತು ಬಂದರೆ 911, ಉಳಿದ ರಗಳೆಗೆಲ್ಲ ನಗರಾಡಳಿತದ ಸಹಾಯವಾಣಿ 311ಕ್ಕೆ ಫೋನ್ ಮಾಡಬೇಕು. ಊರಿಂದ ಅಮ್ಮ ಬಂದಿದ್ದಾರೆ, ಕನ್ನಡ ಮಾತ್ರ ಗೊತ್ತು. ನಾನು ಆಫೀಸಿನಲ್ಲಿದ್ದಾಗ ಹೀಟರ್ ಕೆಟ್ಟರೆ ದೂರು ಕೊಡೋದು ಹೇಗೆ? 311ರಲ್ಲಿ ಕನ್ನಡ ಬಲ್ಲ ಎಐ ಇದ್ದರೆ ಸುಲಭ ಅಲ್ವಾ?

ಹಳೇ_ವಕೀಲ: ದೂರು ಬರೆದುಕೊಂಡು ಸರಿಯಾದ ಇಲಾಖೆಗೆ ಕಳಿಸಲಿ, ಬೇಡ ಅನ್ನಲ್ಲ. ಕಾನೂನು ಮಾತ್ರ ಅದನ್ನು ಕೇಳಬೇಡಿ. 2023ರ ಅಕ್ಟೋಬರ್‌ನಲ್ಲಿ ನಿಮ್ಮ ನಗರವೇ ವ್ಯಾಪಾರಿಗಳಿಗೆಂದು ಮೈಸಿಟಿ ಎಂಬ ಎಐ ಚಾಟ್‌ಬಾಟ್ ತಂದಿತು. 2024ರ ಮಾರ್ಚ್‌ನಲ್ಲಿ ದಿ ಮಾರ್ಕಪ್ ಸುದ್ದಿತಾಣದವರು ಅದನ್ನು ಪರೀಕ್ಷಿಸಿದ ವರದಿ ಬಂತು. ಕೆಲಸದವರ ಟಿಪ್ಸ್‌ನಲ್ಲಿ ಮಾಲೀಕ ಪಾಲು ತಗೊಳ್ಳಬಹುದು, ಅಂಗಡಿಯವನು ನಗದು ಬೇಡ ಅನ್ನಬಹುದು ಅಂದಿತಂತೆ! ಎರಡೂ ಅಲ್ಲಿ ಕಾನೂನುಬಾಹಿರ. ತಪ್ಪನ್ನೂ ಎಷ್ಟು ಠೀವಿಯಿಂದ ಹೇಳಿತು ನೋಡಿ.

ಕ್ವೀನ್ಸ್‌ವಾಸಿ: ಅಯ್ಯೋ, ಇದು ಗೊತ್ತಿರಲಿಲ್ಲ ಸರ್.

ಫೋನ್‌ಅಕ್ಕ: ನಾನು ಕಾಲ್ ಸೆಂಟರ್‌ನಲ್ಲಿದ್ದವಳು. ನನಗೆ ಭಯ ಬೇರೆಯದು. ಜನ "ಅಡುಗೆಮನೇಲಿ ಏನೋ ವಾಸನೆ" ಅಂತ ಮೆಲ್ಲಗೆ ಶುರು ಮಾಡ್ತಾರೆ. ಅದು ಗ್ಯಾಸ್ ಸೋರಿಕೆ ಇರಬಹುದು. ಎಐ ಅದನ್ನು ಕಸದ ದೂರು ಅಂದುಕೊಂಡು ದೂರಿನ ನಂಬರ್ ಕೊಟ್ಟು ಮುಗಿಸಿದರೆ? ತಕ್ಷಣ ಮನುಷ್ಯರಿಗೆ ದಾಟಿಸುವ ದಾರಿ ಇರಲೇಬೇಕು. ಅಂದಹಾಗೆ, 311ರಲ್ಲಿ 175ಕ್ಕೂ ಜಾಸ್ತಿ ಭಾಷೆಗಳಿಗೆ ದುಭಾಷಿ ಸೌಲಭ್ಯ ಇದೆ. ಮೊದಲು ಕನ್ನಡದವರು ಸಿಗ್ತಾರಾ ಕೇಳಿ ನೋಡಪ್ಪ.