ಲ್ಯಾಪ್‌ಟಾಪಿನ ವಂಶವೃಕ್ಷ, ಆನ್‌ಲೈನ್ ವಂಶವೃಕ್ಷ: ಎರಡನ್ನೂ ಸಿಂಕ್ ಮಾಡೋದು ಹೇಗೆ?

ಪ್ರಶ್ನೆ (ತುಮಕೂರು):
ವಂಶಾವಳಿ ಹೇಳುವ ಹೆಳವರು ಮನೆಗೆ ಬಂದಾಗ ಹೇಳಿದ ಹೆಸರುಗಳನ್ನೆಲ್ಲ ನಮ್ಮಜ್ಜಿ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿಟ್ಟಿದ್ದರು, ಅದನ್ನು ನಾನು ಲ್ಯಾಪ್‌ಟಾಪಿನಲ್ಲಿ ಗ್ರಾಂಪ್ಸ್ ಅನ್ನೋ ವಂಶವೃಕ್ಷದ ಸಾಫ್ಟ್‌ವೇರ್‌ಗೆ ಹಾಕಿದ್ದೇನೆ, ಏಳು ತಲೆಮಾರು. ಬೆಂಗಳೂರಿನ ಚಿಕ್ಕಪ್ಪನ ಮಗಳು ಆನ್‌ಲೈನಿನಲ್ಲಿ ಬೇರೆ ಮಾಡುತ್ತಿದ್ದಾಳೆ. ಅವಳಿಗೆ ಜೆಡ್‌ಕಾಮ್ ಫೈಲ್ (ಒಂದು ಸಾಫ್ಟ್‌ವೇರಿನ ವಂಶವೃಕ್ಷವನ್ನು ಇನ್ನೊಂದಕ್ಕೆ ಒಯ್ಯುವ ಫೈಲ್) ಕಳಿಸಿದೆ. ಅಲ್ಲಿ ಎಲ್ಲರೂ ಎರಡೆರಡು ಸಲ ಬಂದರು, ಫೋಟೋ ಒಂದೂ ಹೋಗಲಿಲ್ಲ. ಏನು ಮಾಡಲಿ?

ಉತ್ತರ 1:
ಇಂಪೋರ್ಟ್ ಬೇರೆ, ಸಿಂಕ್ ಬೇರೆ ಸರ್. ಇಂಪೋರ್ಟ್ ಮಾಡಿದರೆ ಫೈಲಿನಲ್ಲಿರುವವರೆಲ್ಲ ಹೊಸದಾಗಿ ಸೇರುತ್ತಾರೆ, ಅದಕ್ಕೇ ಎರಡೆರಡು ಸಲ ಬಂದಿದ್ದು; ಸಿಂಕ್ ಅಂದರೆ ಎರಡೂ ಕಡೆಯ ಬದಲಾವಣೆ ಹೊಂದಿಸೋದು. ಜೆಡ್‌ಕಾಮ್ ಬರೀ ಅಕ್ಷರದ ಫೈಲ್, ಫೋಟೋ ಎಲ್ಲಿದೆ ಅಂತ ಮಾತ್ರ ಅದರಲ್ಲಿ ಬರೆದಿರುತ್ತದೆ. 2021ರ 7.0 ಆವೃತ್ತಿಯಲ್ಲಿ ಫೋಟೋನೂ ಸೇರಿಸಿ ಜಿಪ್ ಮಾಡಬಹುದು, ಆದರೆ ಆ ಕಡೆಯ ವೆಬ್‌ಸೈಟಿಗೂ ಅದನ್ನು ಓದೋಕೆ ಬರಬೇಕು ಅಲ್ವಾ. ನಿಜವಾದ ಸಿಂಕ್ ಬೇಕಿದ್ದರೆ ಲ್ಯಾಪ್‌ಟಾಪಿನ ಸಾಫ್ಟ್‌ವೇರ್, ಆನ್‌ಲೈನ್ ಸೈಟ್ ಎರಡರ ಜೋಡಿ ನೋಡಿ ಆರಿಸಿ: ರೂಟ್ಸ್‌ಮ್ಯಾಜಿಕ್ ಆದರೆ ಆನ್ಸೆಸ್ಟ್ರಿ ಜೊತೆ, ಫ್ಯಾಮಿಲಿ ಟ್ರೀ ಬಿಲ್ಡರ್ ಆದರೆ ಮೈಹೆರಿಟೇಜ್ ಜೊತೆ.

ಉತ್ತರ 2:
ಗ್ರಾಂಪ್ಸ್ ಬಿಡಬೇಡಿ. ಗ್ರಾಂಪ್ಸ್ ವೆಬ್ ಅಂತ ಇದೆ, ಸರ್ವರ್‌ನಲ್ಲಿ ಹಾಕಿಕೊಂಡರೆ ತಂಗಿ ಬ್ರೌಸರ್‌ನಲ್ಲೇ ತಿದ್ದಬಹುದು, ನಿಮ್ಮ ಗ್ರಾಂಪ್ಸ್‌ಗೆ ಅದರ ಆಡ್‌ಆನ್ ಹಾಕಿದರೆ ಆ ತಿದ್ದುಪಡಿ ನಿಮ್ಮ ಲ್ಯಾಪ್‌ಟಾಪಿಗೂ ಬರುತ್ತದೆ. ಮೊದಲು ಬ್ಯಾಕಪ್ ತೆಗೆಯಿರಿ.

ಉತ್ತರ 3 (ಕೋಲಾರ):
ಡಬಲ್ ಆದವರನ್ನು ಸುಮ್ನೆ ಒಂದೇ ಸಲ ಮರ್ಜ್ ಮಾಡಬೇಡಿ! ನಮ್ಮಲ್ಲಿ ಮೊಮ್ಮಗನಿಗೆ ತಾತನ ಹೆಸರೇ ಇಡುತ್ತಾರೆ, ನಾನು ಹಾಗೆ ಮಾಡಿ ತಾತ, ಮೊಮ್ಮಗ ಇಬ್ಬರೂ ಒಬ್ಬರೇ ಆಗಿಬಿಟ್ಟು, ಅಜ್ಜಿಯ ಹೆಸರು ಮೊಮ್ಮಗನ ಪಕ್ಕ ಬಂದು, ಬಿಡಿಸೋಕೆ ಎರಡು ದಿನ ಹಿಡಿಯಿತು. ಹುಟ್ಟಿದ ವರ್ಷ, ಊರು ನೋಡಿಕೊಂಡು ಒಬ್ಬೊಬ್ಬರನ್ನೇ ಸೇರಿಸಿ.

ಪ್ರಶ್ನೆ ಕೇಳಿದವರು:
ನಮ್ಮಲ್ಲೂ ಒಂದೇ ಹೆಸರಿನ ಮೂರು ಜನ ಇದ್ದಾರೆ. ಇವತ್ತು ರಾತ್ರಿ ನೋಟ್‌ಬುಕ್ ಮುಂದಿಟ್ಟುಕೊಂಡು ಕೂರುತ್ತೇನೆ.